ಪೊಲೀಸ್ ಸಾಹೇಬರ ಮೇಲೆ ಕೇಸು: ಧಾರವಾಡದ ಒಂದು ವಕೀಲರ ಆಫೀಸಿಗೆ ಐದಕ್ಕೆ ನಾಲ್ಕು

ಹೋಟೆಲಿನ ಬಗ್ಗೆ, ಮೊಬೈಲ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ವಕೀಲರ ಆಫೀಸಿನ ಬಗ್ಗೆ ಯಾರೂ ಬರೆಯುವುದಿಲ್ಲ. ಲಾಠಿ ಏಟು ತಿಂದು, ಏಟು ಹೊಡೆಸಿದ ದೊಡ್ಡ ಅಧಿಕಾರಿ ಮೇಲೆ ಕೇಸ್ ಹಾಕಬೇಕು ಅಂತ ಹೊರಟವನಿಗೆ ಎಲ್ಲಿಗೆ ಹೋಗಬೇಕು, ಏನು ಕೇಳಬೇಕು, ಎಷ್ಟು ದುಡ್ಡು ಅಂತ ಹೇಳುವವರೇ ಇರಲಿಲ್ಲ. ಸಿಕ್ಕವರೆಲ್ಲ "ಯಾಕ್ ಬೇಕೋ ಮಾರಾಯಾ" ಅಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಫೀಸಿನ ಹೆಸರು ಹಾಕಿಲ್ಲ. ವಕೀಲರು ಜಾಹೀರಾತು ಮಾಡಬಾರದು ಅಂತ ಬಾರ್ ಕೌನ್ಸಿಲ್ ನಿಯಮ ಇದೆ. ನಾನು ಹೆಸರು ಹಾಕಿ ಹೊಗಳಿದರೆ, ಇವರೇ ಬರೆಸಿದರು ಅನ್ನುವ ಮಾತು ಬರುತ್ತದೆ. ಅಧಿಕಾರಿಯ ಹೆಸರು, ಗಲಾಟೆ ಆದ ಊರಿನ ಹೆಸರು ಕೂಡ ಇಲ್ಲ. ವಿಷಯ ಕೋರ್ಟಿನಲ್ಲಿದೆ. ಧಾರವಾಡದ ಕೋರ್ಟ್ ಸರ್ಕಲ್‌ನಿಂದ ನಡೆದು ಹೋಗುವಷ್ಟು ಹತ್ತಿರ, ಮೊದಲ ಮಹಡಿ, ಹಿರಿಯ ವಕೀಲರು ಒಬ್ಬ ಮೇಡಮ್. ಇಷ್ಟು ಸಾಕು.

ನನ್ನದು ಬೆಟಗೇರಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರು, ಹಿಟ್ಟಿನ ಗಿರಣಿ ಮೋಟಾರು, ಮಿಕ್ಸರ್, ಏನು ಸುಟ್ಟರೂ ತರುತ್ತಾರೆ. ತಾಮ್ರದ ತಂತಿಯನ್ನು ಸ್ಲಾಟಿನಲ್ಲಿ ಒತ್ತಿ ಕೂರಿಸಲು ಬಲಗೈ ಮಣಿಕಟ್ಟು ಗಟ್ಟಿ ಇರಬೇಕು. ಅಣ್ಣನದೂ ನನ್ನದೂ ಕೂಡಿ ಒಂದಿಷ್ಟು ಎರೆಹೊಲ ಇದೆ, ಮುಂಗಾರಿಗೆ ಹೆಸರು ಬಿತ್ತುತ್ತೇವೆ. ರೇಟು ಬಿದ್ದು ಹೋಗಿತ್ತು. ಬೆಂಬಲ ಬೆಲೆಗೆ ಖರೀದಿ ಕೇಂದ್ರ ತೆಗೆಯಿರಿ ಅಂತ ಪಕ್ಕದ ಜಿಲ್ಲೆಯಲ್ಲಿ ರಸ್ತೆ ತಡೆ ಮಾಡಿದರು. ಮಂತ್ರಿಗಳು ಅದೇ ದಾರಿಯಲ್ಲಿ ಬರುವವರಿದ್ದರು. ಅಣ್ಣನ ಜೊತೆ ನಾನೂ ಹೋಗಿದ್ದೆ. ಲಾಠಿ ಬಿತ್ತು. ಓಡುವವರು ಓಡಿದರು. ನಾನು ಒಂದು ಗೊಬ್ಬರದ ಅಂಗಡಿಯ ಮುಚ್ಚಿದ ಶೆಟರ್ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ತಲೆ ಮೇಲೆ ಕೈ ಇಟ್ಟುಕೊಂಡೆ. ತಲೆ ಉಳಿಯಿತು. ಮಣಿಕಟ್ಟು ಮುರಿಯಿತು. ಸಂಜೆವರೆಗೆ ಸ್ಟೇಷನ್ನಿನಲ್ಲಿ ಕೂರಿಸಿ ಬಿಟ್ಟರು. ಮೇಲಿಂದ ನಮ್ಮ ಮೇಲೇ ಅಕ್ರಮ ಕೂಟ, ಸರಕಾರಿ ಕೆಲಸಕ್ಕೆ ಅಡ್ಡಿ ಅಂತ ಎಫ್‌ಐಆರ್ ಆಯಿತು.

ನಮ್ಮ ಕಡೆ ಇದು ಹೊಸ ವಿಷಯ ಅಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. ಮಲಪ್ರಭಾ ನೀರಿನ ಕರದ ವಿರುದ್ಧ ಎದ್ದ ಹೋರಾಟ ಅದು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದವರ ಮೇಲೆ ಗುಂಡು ಹಾರಿತು. ಪ್ರತಿ ಜುಲೈ 21ಕ್ಕೆ ನರಗುಂದದ ವೀರಗಲ್ಲಿನ ಹತ್ತಿರ ಮಾಲೆ ಹಾಕುತ್ತಾರೆ, ಭಾಷಣ ಆಗುತ್ತದೆ. ನಾನು ಕೇಳಿದ ಯಾವ ಭಾಷಣದಲ್ಲೂ, ಏಟು ತಿಂದವರು ಕೋರ್ಟಿಗೆ ಹೇಗೆ ಹೋಗಬೇಕು ಅಂತ ಒಬ್ಬರೂ ಹೇಳಲಿಲ್ಲ.

ಧಾರವಾಡಕ್ಕೆ ಹೋಗುವ ಮೊದಲು ಬೇರೊಬ್ಬ ವಕೀಲರ ಹತ್ತಿರ ಹೋಗಿದ್ದೆ. ಅವರ ಮಾತು ಕೇಳಿದರೆ ಅಧಿಕಾರಿ ನಾಳೆಯೇ ಮನೆಗೆ ಹೋಗಬೇಕು. "ಸಸ್ಪೆಂಡ್ ಮಾಡಸ್ತೀನಿ ನೋಡ್ರಿ, ಟೀವಿಯವ್ರನ್ನ ಕರಸೂನು" ಅಂದರು. ಫೀ ಈಗ ಬೇಡ, ಬಂದ ಪರಿಹಾರದಲ್ಲಿ ಕಾಲು ಭಾಗ ಕೊಡಿ ಅಂದರು. ಕೈಯಲ್ಲಿ ದುಡ್ಡಿಲ್ಲದವನಿಗೆ ಇದು ಸಿಹಿ ಮಾತೇ. ಆಮೇಲೆ ಗೊತ್ತಾಯಿತು, ಕೇಸಿನಲ್ಲಿ ಬರುವ ಹಣದಲ್ಲಿ ಪಾಲು ಮಾತಾಡುವುದನ್ನೇ ಬಾರ್ ಕೌನ್ಸಿಲ್ ನಿಷೇಧಿಸಿದೆ. ಯಾರಾದರೂ ನಿಮಗೆ ಪರ್ಸೆಂಟೇಜ್ ಲೆಕ್ಕ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಈಗ ಈ ಆಫೀಸಿನ ಸೇವೆ. ಗದಗದಿಂದ ಹುಬ್ಬಳ್ಳಿ, ಅಲ್ಲಿಂದ ಚಿಗರಿ ಬಸ್ಸಿನಲ್ಲಿ ಧಾರವಾಡ. ಮೆಟ್ಟಿಲು ಕಡಿದಾಗಿವೆ, ಹಿಡಿಯಲು ಕಂಬಿ ಒಂದೇ ಕಡೆ ಇದೆ. ಕೈಗೆ ಪ್ಲಾಸ್ಟರ್ ಹಾಕಿಕೊಂಡು ಬಂದವನಿಗೆ ಆ ಕಂಬಿ ತಪ್ಪು ಬದಿಗೆ ಇತ್ತು. ಒಳಗೆ ಒಂದು ಉದ್ದ ಬೆಂಚು, ಫ್ಯಾನು, ಕೆಂಪು ದಾರ ಕಟ್ಟಿದ ಫೈಲುಗಳು. ಗುಮಾಸ್ತ ಕಾಕಾ ಮೊದಲು ನೀರು ಕೊಟ್ಟರು, ಆಮೇಲೆ ಚೀಟಿ ಕೊಟ್ಟರು. ಮೊದಲ ಸಲದ ಸಲಹೆಗೆ ಐನೂರು ರೂಪಾಯಿ. ರಸೀದಿ ಕೊಟ್ಟರು. ಕೋರ್ಟಿನ ಸುತ್ತಮುತ್ತ ರಸೀದಿ ನೋಡಿದ್ದು ಅದೇ ಮೊದಲು.

ನಾನು ಸಿಟ್ಟಿನಲ್ಲಿ ಶುರು ಮಾಡಿದೆ. ಸರಕಾರ, ಮಂತ್ರಿ, ರೈತರ ಕಷ್ಟ, ಎಲ್ಲ. ಮೇಡಮ್ ಸ್ವಲ್ಪ ಹೊತ್ತು ಕೇಳಿ, ಒಂದು ಬಿಳಿ ಹಾಳೆ ನನ್ನ ಮುಂದೆ ತಳ್ಳಿದರು.

"ಅಣ್ಣಾರ, ಭಾಷಣ ಆಮ್ಯಾಲೆ ಮಾಡೂನಂತ. ಜೀಪ್ ಎಲ್ಲಿತ್ತು, ನೀವೆಲ್ಲಿದ್ರಿ, ಶೆಟರ್ ಎಲ್ಲಿತ್ತು, ಬರದು ತೋರಸ್ರಿ."

ಎಡಗೈಯಲ್ಲಿ ಬರೆದೆ. ಗೆರೆ ಸೊಟ್ಟ ಆದವು. ಆದರೆ ಬರೆಯುತ್ತಾ ಹೋದ ಹಾಗೆ ನೆನಪು ಸಾಲಾಗಿ ನಿಂತಿತು. ಯಾವ ಕಡೆಯಿಂದ ಬಂದರು, ಯಾರು ಮೊದಲು ಓಡಿದರು, ನಾನು ಕೂತ ಮೇಲೆ ರಸ್ತೆಯಲ್ಲಿ ಯಾರಿದ್ದರು. ಆ ಹಾಳೆ ಈಗ ಫೈಲಿನಲ್ಲಿ ಮೊದಲ ಪುಟ. ಸುಟ್ಟ ಮೋಟಾರು ತಂದವರು ಕಂಪನಿಗೆ ಬೈಯುತ್ತಾ ನಿಂತಾಗ ನಾನೂ ಹೀಗೇ ಮಾಡುತ್ತೇನೆ. ಮೊದಲು ಬಿಚ್ಚಿ ಯಾವ ಕಾಯಿಲ್ ಸುಟ್ಟಿದೆ ನೋಡುತ್ತೇನೆ. ಹಾಗಾಗಿ ಈ ಮೇಡಮ್ ನನಗೆ ಹಿಡಿಸಿದರು.

ಆಮೇಲೆ ವಿಡಿಯೋ. ತೆಗೆದವನು ನಮ್ಮ ಅಕ್ಕನ ಮಗ, ಎದುರಿನ ಮಹಡಿ ಮೇಲಿಂದ. ನನ್ನ ಪ್ರಕಾರ ಕೇಸು ಅಲ್ಲೇ ಮುಗಿದಿತ್ತು. ಜೀಪಿನ ಬಾಗಿಲ ಹತ್ತಿರ ಆ ಹಿರಿಯ ಅಧಿಕಾರಿ ನಿಂತಿದ್ದಾರೆ. ಟೋಪಿ ಸರಿ ಮಾಡಿಕೊಳ್ಳುತ್ತಾರೆ. ಬಲಗೈ ಎತ್ತುತ್ತಾರೆ. ಅದರ ಹಿಂದೆಯೇ ಲಾಠಿಗಳು ಏಳುತ್ತವೆ. ಮೇಡಮ್ ಅದನ್ನು ದೊಡ್ಡ ಪರದೆಗೆ ಹಾಕಿ, ಕೈ ಎತ್ತಿದ ಜಾಗದಲ್ಲಿ ನಿಲ್ಲಿಸಿದರು.

"ಆರ್ಡರ್ ಕೊಟ್ಟಿದ್ದು ಇಲ್ಲೇ ಐತಲ್ರಿ ಮೇಡಮ್."

"ಇದು ಹೊಡೀರಿ ಅನ್ನೂ ಕೈಯೋ, ತಡೀರಿ ಅನ್ನೂ ಕೈಯೋ?"

ನನಗೆ ಉತ್ತರ ಬರಲಿಲ್ಲ.

"ಅವರ ಕಡೆ ವಕೀಲ್ರು ತಡೀರಿ ಅಂದಿದ್ದು ಅಂತನ ಹೇಳ್ತಾರ. ಧ್ವನಿ ಇಲ್ಲ ಇದರಾಗ. ನೀವು ಅಲ್ಲ ಅಂತ ಹೆಂಗ ತೋರಸ್ತೀರಿ?"

ವಿಡಿಯೋ ಮುಂದಕ್ಕೆ ಓಡಿಸಿದರು. ನಾವು ಯಾರೂ ಗಮನ ಕೊಡದ ಭಾಗ ಅದು. ರಸ್ತೆ ಖಾಲಿಯಾಗಿದೆ. ಮಂತ್ರಿಗಳ ಗಾಡಿ ಆರಾಮಾಗಿ ಹೋಗುವಷ್ಟು ದಾರಿ ಇದೆ. ಬ್ಯಾನರಿನ ಕೋಲು ಒಂದು ರಸ್ತೆ ಮಧ್ಯ ಬಿದ್ದಿದೆ. ಆದರೂ ಶೆಟರ್ ಬುಡದಲ್ಲಿ ಕೂತವರ ಮೇಲೆ ಏಟು ಬೀಳುತ್ತಿದೆ. ಅದೇ ಫ್ರೇಮಿನ ಎಡಗಡೆ ಆ ಅಧಿಕಾರಿ, ನಮ್ಮ ಕಡೆಗೇ ಮುಖ ಮಾಡಿ, ಫೋನ್ ಕಿವಿಗೆ ಹಿಡಿದು ನಿಂತಿದ್ದಾರೆ. ಕೈ ಎತ್ತಲಿಲ್ಲ. ಒಬ್ಬ ಪೇದೆಯನ್ನೂ ಕರೆಯಲಿಲ್ಲ.

"ಹೊಡೀರಿ ಅಂದ್ರೋ ಇಲ್ಲೋ ನಮಗ ಗೊತ್ತಿಲ್ಲ. ನಿಲ್ಲಸಲಿಲ್ಲ ಅನ್ನೂದು ಕಣ್ಣಿಗೆ ಕಾಣತೈತಿ. ಕೇಸ್ ಇದರ ಮ್ಯಾಲೆ ಕಟ್ಟೂನು" ಅಂದರು.

ನನ್ನ ಲೆಕ್ಕದಲ್ಲಿ ನಾಲ್ಕು ಸ್ಟಾರಿನಲ್ಲಿ ಮೂರು ಈ ಒಂದು ಮಾತಿಗೇ. ನಾನು ಹಠ ಹಿಡಿದಿದ್ದು ಎತ್ತಿದ ಕೈಯನ್ನು. ಅವರು ಹಿಡಿದಿದ್ದು ಎತ್ತದ ಕೈಯನ್ನು. ಕಾನೂನಿನಲ್ಲಿ ಇದಕ್ಕೆ ಆಧಾರ ಇದೆ. ಗುಂಪು ಚದುರಿಸಲು ಪೊಲೀಸರಿಗೆ ಅಧಿಕಾರ ಇದೆ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಂ. ಚದುರಿದ ಮೇಲೆ ಹೊಡೆಯಲು ಇಲ್ಲ. 2016ರ ಅನಿತಾ ಠಾಕೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಜಮ್ಮು-ಕಾಶ್ಮೀರದಲ್ಲಿ ದಿಲ್ಲಿಗೆ ಮೆರವಣಿಗೆ ಹೊರಟಿದ್ದ ಪ್ರತಿಭಟನಕಾರರನ್ನು 2007ರಲ್ಲಿ ಕಟ್ರಾ ಹತ್ತಿರ ಪೊಲೀಸರು ಹೊಡೆದಿದ್ದರು. ಗುಂಪಿನವರ ತಪ್ಪೂ ಇತ್ತು ಅಂತ ಕೋರ್ಟ್ ಒಪ್ಪಿತು. ಆದರೆ ಹತೋಟಿಗೆ ಬಂದ ಮೇಲೂ ಹೊಡೆದದ್ದು ಅತಿಯಾಯಿತು ಅಂತ ಪರಿಹಾರ ಕೊಡಿಸಿತು. ಮೇಡಮ್ ಆ ತೀರ್ಪಿನ ಪುಟ ತೆಗೆದು, ನಮ್ಮ ವಿಡಿಯೋದ ನಿಮಿಷವನ್ನು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದರು.

ಕೇಸ್ ಹಾಕುವ ದಾರಿಗಳ ಬಗ್ಗೆ ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ನಾನು ವಕೀಲ ಅಲ್ಲ, ನೀವು ಕೇಳಿಕೊಂಡೇ ಮುಂದುವರಿಯಿರಿ.

ಕ್ರಿಮಿನಲ್ ದಾರಿ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಮೂಳೆ ಮುರಿದರೆ ಕಾನೂನಿನಲ್ಲಿ ಅದು ತೀವ್ರ ಗಾಯವೇ. ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬಹುದು. ಆದರೆ ಸರಕಾರಿ ನೌಕರ ಕೆಲಸದ ಮೇಲೆ ಮಾಡಿದ್ದು ಅಂದರೆ ಸರಕಾರದ ಪೂರ್ವಾನುಮತಿ ಬೇಕು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 197ನೇ ಕಲಂ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 218. ಹೊಸ ಕಾನೂನಿನಲ್ಲಿ ಒಂದು ಒಳ್ಳೆಯದಿದೆ: 120 ದಿನದಲ್ಲಿ ಸರಕಾರ ತೀರ್ಮಾನ ಮಾಡದಿದ್ದರೆ ಅನುಮತಿ ಕೊಟ್ಟ ಹಾಗೇ. ಒಂದು ತೊಡಕೂ ಇದೆ: ದೂರು ತೆಗೆದುಕೊಳ್ಳುವ ಮೊದಲೇ ಆ ಅಧಿಕಾರಿಗೆ ಹೇಳಿಕೆ ಕೊಡಲು ಅವಕಾಶ ಕೊಡಬೇಕು, ಮೇಲಧಿಕಾರಿಯ ವರದಿ ತರಿಸಬೇಕು. ಕರ್ನಾಟಕದಲ್ಲಿ ಇನ್ನೊಂದು ಅಡ್ಡಿಯೂ ಇದೆ. 1963ರ ಪೊಲೀಸ್ ಕಾಯ್ದೆಯ 170ನೇ ಕಲಂ ಪ್ರಕಾರ, ಅಧಿಕಾರ ಮೀರಿ ಮಾಡಿದ್ದಕ್ಕೂ ಸರಕಾರದ ಅನುಮತಿ ಬೇಕು. ಕ್ರಿಮಿನಲ್ ಕೇಸಿಗೆ ಮಾತ್ರ ಅಲ್ಲ, ಸಿವಿಲ್ ದಾವೆಗೂ ಬೇಕು. "ಮೀರಿ ಮಾಡಿದ್ದಕ್ಕೂ ಅನುಮತಿನಾ?" ಅಂತ ಕೇಳಿದೆ. 2020ರಲ್ಲಿ ಡಿ. ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಕಲಮಿನ ಬಗ್ಗೆ ಹಾಗೆಯೇ ಹೇಳಿದೆ. ಕೆಲಸಕ್ಕೂ ಕೃತ್ಯಕ್ಕೂ ಸಂಬಂಧ ಇದ್ದರೆ, ಅತಿ ಮಾಡಿದರೂ ರಕ್ಷಣೆ ಇದೆ. ಇದನ್ನು ಕೇಳಿ ನನಗೆ ಊಟ ಸೇರಲಿಲ್ಲ. ಮೊದಲು ಹೋಗಿದ್ದ ವಕೀಲರು ಇದರ ಒಂದು ಅಕ್ಷರ ಹೇಳಿರಲಿಲ್ಲ.

ಸಿವಿಲ್ ದಾವೆ ಹಾಕಿದರೆ ಆ ಅಧಿಕಾರಿ ಹೆಸರು ಹಾಕಿ ಪರಿಹಾರ ಕೇಳಬಹುದು, ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಮಾಡಬಹುದು. ನನಗೆ ಬೇಕಾಗಿದ್ದು ಅದೇ. ಆದರೆ ಕೇಳಿದ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಕಟ್ಟಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ ಎರಡು ತಿಂಗಳ ನೋಟಿಸ್ ಕೊಡಬೇಕು. ಪೊಲೀಸ್ ಕಾಯ್ದೆ ಒಂದು ತಿಂಗಳ ನೋಟಿಸ್ ಕೇಳುತ್ತದೆ. ದಾವೆ ಹಾಕುವ ಮುದ್ದತು ಒಂದು ವರ್ಷ ಅಂತಲೇ ಇಟ್ಟುಕೊಂಡು ನಡೆಯಬೇಕು. ನೋಟಿಸಿನ ಕಾಲವನ್ನು ಅದರಲ್ಲಿ ಕಳೆಯುತ್ತಾರೆ. ಆದರೂ ಸುಮ್ನೆ ಕೂತರೆ ಕೈ ತಪ್ಪಿ ಹೋಗುತ್ತದೆ.

ರಿಟ್ ಅರ್ಜಿಗೆ, ಅಂದರೆ ಹಕ್ಕು ಮುರಿದರು ಅಂತ ಹಾಕುವ ಅರ್ಜಿಗೆ, ಈ ಅನುಮತಿ, ನೋಟಿಸಿನ ರಗಳೆ ಇಲ್ಲ. ನೇರ ಹೈಕೋರ್ಟಿಗೆ. 1993ರ ನೀಲಬತಿ ಬೆಹೆರಾ ಪ್ರಕರಣದಲ್ಲಿ ಒಡಿಶಾದ ಒಬ್ಬ ತಾಯಿಗೆ, ಪೊಲೀಸರ ವಶದಲ್ಲಿ ಸತ್ತ ಮಗನಿಗಾಗಿ, ಸುಪ್ರೀಂ ಕೋರ್ಟ್ ಒಂದೂವರೆ ಲಕ್ಷ ಕೊಡಿಸಿತು. ಮೂಲಭೂತ ಹಕ್ಕು ಮುರಿದರೆ ಸರಕಾರವೇ ಪರಿಹಾರ ಕೊಡಬೇಕು ಅನ್ನುವುದು ಅಲ್ಲಿ ಗಟ್ಟಿಯಾಯಿತು. ಆದರೆ ರಿಟ್‌ನಲ್ಲಿ ಸಾಮಾನ್ಯವಾಗಿ ಕಟಕಟೆ ಇಲ್ಲ, ಅಫಿಡವಿಟ್ ಮೇಲೆ ಅಫಿಡವಿಟ್ ಅಷ್ಟೇ. ಯಾರದು ನಿಜ ಅಂತ ಬಹಳ ತಕರಾರು ಎದ್ದರೆ ಸಿವಿಲ್ ಕೋರ್ಟಿಗೆ ಹೋಗಿ ಅನ್ನುತ್ತಾರೆ. ಅಧಿಕಾರಿ ಬೇಕಂತಲೇ ಮಾಡಿದರು, ದುರುದ್ದೇಶ ಇತ್ತು ಅನ್ನುವುದಾದರೆ ಅವರನ್ನು ಹೆಸರು ಹಿಡಿದೇ ಪಾರ್ಟಿ ಮಾಡಬೇಕು. ಸುಮ್ನೆ ಹುದ್ದೆಯ ಹೆಸರು ಹಾಕಿದರೆ ಆಗುವುದಿಲ್ಲ.

ಪೊಲೀಸ್ ದೂರು ಪ್ರಾಧಿಕಾರ ಅಂತ ಒಂದಿದೆ, 2006ರ ಪ್ರಕಾಶ್ ಸಿಂಗ್ ತೀರ್ಪಿನಿಂದ ಬಂದದ್ದು. ಡಿವೈಎಸ್‌ಪಿವರೆಗೆ ಜಿಲ್ಲಾ ಮಟ್ಟದಲ್ಲಿ, ಎಸ್‌ಪಿ ಮತ್ತು ಮೇಲಿನವರಿಗೆ ರಾಜ್ಯ ಮಟ್ಟದಲ್ಲಿ. ಮಾನವ ಹಕ್ಕು ಆಯೋಗಕ್ಕೆ ಒಂದು ವರ್ಷದೊಳಗೆ ಬರೆಯಬೇಕು, ಅದರದು ಶಿಫಾರಸು ಮಾತ್ರ. ಇವೆರಡನ್ನೂ ಮೇಡಮ್ ಹೇಳಿ ಮುಂದೆ ಸಾಗಿದರು. ನನಗೂ ಜಾಸ್ತಿ ಆಸಕ್ತಿ ಹುಟ್ಟಲಿಲ್ಲ.

ಕೊನೆಗೆ ನಿಂತದ್ದು ಹೀಗೆ. ಮೊದಲು ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್. ಅದರ ಜೊತೆಗೇ ದಾವೆಯ ನೋಟಿಸ್, ಅನುಮತಿ ಕೇಳಿ ಸರಕಾರಕ್ಕೆ ಪತ್ರ. ಹಾಗೆ ಮಾಡಿದರೆ ಕಟಕಟೆಯ ಆಸೆ ಸಾಯುವುದಿಲ್ಲ, ಮುದ್ದತೂ ಹೋಗುವುದಿಲ್ಲ. ರಾಮಲೀಲಾ ಮೈದಾನದ ತೀರ್ಪನ್ನು ಓದಿಸಿ ಒಂದು ಎಚ್ಚರಿಕೆಯನ್ನೂ ಕೊಟ್ಟರು. 2011ರ ಜೂನ್ 4ರ ರಾತ್ರಿ ದಿಲ್ಲಿಯಲ್ಲಿ ಮಲಗಿದ್ದ ಜನರ ಮೇಲೆ ಪೊಲೀಸರು ನುಗ್ಗಿದರು. ಮರುವರ್ಷ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿತು, ಆದರೆ ಅದರ ಕಾಲು ಭಾಗ ಸಂಘಟಕರ ಟ್ರಸ್ಟೇ ಕೊಡಬೇಕು ಅಂದಿತು. "ನಿಮ್ಮವರು ಕಲ್ಲು ಒಗದಿದ್ರ ಈಗ ಹೇಳಬಿಡ್ರಿ. ಅವರ ವಿಡಿಯೋದಾಗ ಬರೂಕಿಂತ ನಮ್ಮ ಬಾಯಾಗ ಬರಲಿ." ಅಣ್ಣ ಸ್ವಲ್ಪ ತಡವರಿಸಿ, ಹಿಂದಿನ ಸಾಲಿನಿಂದ ಒಂದೆರಡು ಬಿದ್ದವು ಅಂದ. ಅದನ್ನೂ ಅರ್ಜಿಯಲ್ಲಿ ಬರೆದರು.

ಕಾಗದಪತ್ರದ ಕೆಲಸದಲ್ಲಿ ಇವರದು ಗಟ್ಟಿ ಕೈ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯ ಅನ್ನುವ ದಾಖಲೆ) ನಂಬರ್ ಬರೆಸಿದ್ದೀರಾ ಅನ್ನುವುದು ಕೇಳಿದ ಮೊದಲ ಪ್ರಶ್ನೆ. ಬರೆಸಿದ್ದೆ. "ಬಿದ್ದು ಪೆಟ್ಟಾಯಿತು" ಅಂತ ಬರೆಸಿ ಮನೆಗೆ ಹೋದವರ ಕೇಸು ಅಲ್ಲೇ ಅರ್ಧ ಸತ್ತ ಹಾಗೆ. ಎಕ್ಸ್‌ರೇ ಫಿಲ್ಮ್ ಸಮೇತ ತರಿಸಿದರು. ಅಂಗಡಿಯ ಬಿಲ್ ಪುಸ್ತಕ ಕೇಳಿದರು. ಏಟು ಬೀಳುವ ಮೊದಲಿನ ತಿಂಗಳುಗಳು ಒಂದು ಕಡೆ, ಪ್ಲಾಸ್ಟರ್ ಇದ್ದ ತಿಂಗಳುಗಳು ಇನ್ನೊಂದು ಕಡೆ. ಖಾಲಿ ಪುಟಗಳನ್ನೂ ಜೆರಾಕ್ಸ್ ಮಾಡಿಸಿದರು. ಖಾಲಿ ಪುಟ ಯಾಕೆ ಅಂದರೆ, ದುಡಿಮೆ ಇರಲಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ ಅಂದರು.

ವಿಡಿಯೋಗೆ ಸುಮ್ನೆ ಪೆನ್‌ಡ್ರೈವ್ ಕೊಟ್ಟರೆ ನಡೆಯುವುದಿಲ್ಲ. ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಫೋನ್ ಯಾರದೋ ಅವರು ಒಂದು ಭಾಗಕ್ಕೆ ಸಹಿ ಮಾಡಬೇಕು, ತಜ್ಞರು ಇನ್ನೊಂದು ಭಾಗಕ್ಕೆ. ಅಕ್ಕನ ಮಗ ಹೊಸ ಫೋನ್ ತೆಗೆದುಕೊಳ್ಳುವ ತಯಾರಿಯಲ್ಲಿದ್ದ, ಹಳೆಯದನ್ನು ಎಕ್ಸ್‌ಚೇಂಜಿಗೆ ಹಾಕುವವನಿದ್ದ. ಕಾಕಾ ಅವನಿಗೆ ಫೋನ್ ಮಾಡಿ ಬೈದರು. ಫೋನ್ ಈಗ ಅಕ್ಕನ ಟ್ರಂಕಿನಲ್ಲಿದೆ.

ಸ್ಟೇಷನ್ನಿನಲ್ಲಿ ಕೂರಿಸಿದ್ದರಲ್ಲ, ಅಲ್ಲಿನ ಸಿಸಿಟಿವಿಗೂ ಪತ್ರ ಹೋಯಿತು. 2020ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪಿನಂತೆ ಪೊಲೀಸ್ ಠಾಣೆಯ ದೃಶ್ಯಗಳನ್ನು ಹದಿನೆಂಟು ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷ ಇಡಬೇಕು. ಅಂಗಡಿಗಳ ಕ್ಯಾಮೆರಾಕ್ಕೆ ಅಂಥ ರಕ್ಷಣೆ ಇಲ್ಲ, ಹಳೆಯದರ ಮೇಲೆ ಹೊಸದು ಬಿದ್ದು ಅಳಿಸಿ ಹೋಗುತ್ತದೆ. ಅದಕ್ಕೆ ಏಟು ಬಿದ್ದ ವಾರದಲ್ಲೇ ಓಡಾಡಬೇಕು. ಮಾಹಿತಿ ಹಕ್ಕಿನಲ್ಲಿ ಆ ದಿನದ ಬಂದೋಬಸ್ತ್ ಆದೇಶ ಕೇಳಿದರು. ಯಾವ ಜಾಗಕ್ಕೆ ಯಾವ ಅಧಿಕಾರಿ ಉಸ್ತುವಾರಿ ಅಂತ ಅದರಲ್ಲಿ ಇರುತ್ತದೆ. ತನಿಖೆಗೆ ಅಡ್ಡಿ ಆಗುತ್ತದೆ ಅಂತ ಮೊದಲು ಕೊಡಲಿಲ್ಲ. ಮೇಲ್ಮನವಿ ಹಾಕಿದ ಮೇಲೆ ಒಂದು ಹಾಳೆ ಬಂತು. ಅದರಲ್ಲಿ ಶೆಟರ್ ಇದ್ದ ರಸ್ತೆಯ ಹೆಸರಿನ ಎದುರಿಗೆ ಆ ಸಾಹೇಬರ ಹುದ್ದೆಯ ಹೆಸರೇ ಇತ್ತು. ಮೇಡಮ್ ಆ ಸಾಲಿನ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದರು. ಅವತ್ತು ಚಹಾ ನನ್ನ ಲೆಕ್ಕದಲ್ಲಿ.

ಖರ್ಚಿನ ವಿಷಯ. ನೋಟಿಸುಗಳಿಗೆ ಮೂರು ಸಾವಿರ. ರಿಟ್‌ಗೆ ಇಪ್ಪತ್ತೈದು ಸಾವಿರ ಅಂದರು, ಮೂರು ಕಂತಿನಲ್ಲಿ. ಟೈಪಿಂಗ್, ಜೆರಾಕ್ಸ್, ಅಂಚೆ ಬೇರೆ, ಅದನ್ನು ಕಾಕಾ ಒಂದು ಸಣ್ಣ ಡೈರಿಯಲ್ಲಿ ಪೈಸೆ ಸಮೇತ ಬರೆದು ತೋರಿಸುತ್ತಾರೆ. ನಮ್ಮ ಮೇಲಿನ ಎಫ್‌ಐಆರ್‌ಗೆ ಬೇರೆ ಫೀ, ಅದನ್ನು ಮೊದಲೇ ಹೇಳಿದರು. ನನ್ನಂಥವನಿಗೆ ಇದು ಕಡಿಮೆ ದುಡ್ಡಲ್ಲ. ಆದರೆ ಏನಕ್ಕೆ ಕೊಟ್ಟೆ ಅಂತ ಗೊತ್ತಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಪೊಲೀಸ್ ಅಥವಾ ಜೈಲಿನ ವಶದಲ್ಲಿರುವವರು ಇಷ್ಟೂ ಖರ್ಚು ಮಾಡಬೇಕಿಲ್ಲ. ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ನಮ್ಮ ಜೊತೆ ಏಟು ತಿಂದ ಒಬ್ಬ ಅಕ್ಕನಿಗೆ ಆ ದಾರಿಯನ್ನು ಹೇಳಿಕೊಟ್ಟವರೂ ಈ ಮೇಡಮ್ಮೇ. ತನಗೆ ಬರಬಹುದಾದ ಗಿರಾಕಿಯನ್ನು ಯಾರು ಹಾಗೆ ಕಳಿಸುತ್ತಾರೆ ಅಲ್ವಾ?

ಈಗ ಕಟ್ ಮಾಡಿದ ಸ್ಟಾರಿನ ಕಾರಣ.

ಫೋನ್ ಎತ್ತುವುದಿಲ್ಲ. ಮೇಡಮ್ ಕೋರ್ಟಿನಲ್ಲಿದ್ದಾಗ ಎತ್ತಲಿಕ್ಕೆ ಆಗುವುದಿಲ್ಲ, ಒಪ್ಪಿದೆ. ಜೂನಿಯರ್ ಹುಡುಗನಾದರೂ ಎತ್ತಬೇಕಲ್ಲ? ಎತ್ತಿದರೆ "ನೋಡಿ ಹೇಳ್ತೀನ್ರಿ" ಅನ್ನುತ್ತಾನೆ. ನೋಡುವುದೂ ಇಲ್ಲ, ಹೇಳುವುದೂ ಇಲ್ಲ. ಒಂದು ಸಲ ಕೇಸ್ ಪಟ್ಟಿಯಲ್ಲಿ ಬಂದಿಲ್ಲ ಅಂತ ಗೊತ್ತಾಗಿದ್ದು ನಾನು ಅಂಗಡಿ ಮುಚ್ಚಿ ಧಾರವಾಡ ಮುಟ್ಟಿದ ಮೇಲೆ. ಆಮೇಲೆ ಇ-ಕೋರ್ಟ್ಸ್ ಆಪ್ ಹಾಕಿಕೊಂಡೆ. ಸಿಎನ್‌ಆರ್ ನಂಬರ್, ಅಂದರೆ ಕೇಸಿನ ಗುರುತಿನ ನಂಬರ್ ಹಾಕಿದರೆ ತಾರೀಕು ಅದರಲ್ಲೇ ಬರುತ್ತದೆ. ಆ ನಂಬರನ್ನು ಮೊದಲ ದಿನವೇ ಬರೆದುಕೊಳ್ಳಿ.

ಇನ್ನೊಂದು, ಅರ್ಜಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಹೈಕೋರ್ಟಿಗೆ ಹಾಗೆಯೇ ಬೇಕಂತೆ, ಸರಿ. ಆದರೆ ನಾನು ಸಹಿ ಹಾಕುವ ಅಫಿಡವಿಟ್ ನನಗೆ ತಿಳಿಯಬೇಕಲ್ಲ? ಜೂನಿಯರ್ ಗಡಿಬಿಡಿಯಲ್ಲಿ "ಇಲ್ಲಿ, ಇಲ್ಲಿ, ಇಲ್ಲಿ" ಅಂತ ಬೆರಳು ಇಟ್ಟು ತೋರಿಸಿದ. ಓದಿ ಹೇಳದ ಹೊರತು ಹಾಕುವುದಿಲ್ಲ ಅಂತ ಕೂತೆ. ಮೇಡಮ್ ಬಂದು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದರು. ಎಡಗೈ ಅಂತ ಟೈಪ್ ಆಗಿತ್ತು! ಮುರಿದದ್ದು ಬಲಗೈ. ತಿದ್ದಿ ಹೊಸ ಪ್ರಿಂಟ್ ತೆಗೆದರು. ಆ ಪ್ರಿಂಟಿನ ದುಡ್ಡನ್ನು 'ಆಫೀಸ್ ಖರ್ಚು' ಅಂತ ಕಾಕಾ ತಾವಾಗಿಯೇ ಬರೆದುಕೊಂಡರು. ಆದರೂ ಇಂಥ ಕೇಸಿನಲ್ಲಿ ಬಲಗೈ ಎಡಗೈ ಆಗುವುದು ಸಣ್ಣ ವಿಷಯ ಅಲ್ಲ. ಎದುರಿಗಿರುವವರು ಸರಕಾರದ ವಕೀಲರು, ಅಂಥದ್ದನ್ನೇ ಹುಡುಕುತ್ತಾರೆ.

ಹೈಕೋರ್ಟ್ ಪೀಠ ಬೆಳಗಾವಿ ಕಡೆ ಹೋಗುವ ಹೆದ್ದಾರಿಯಲ್ಲಿದೆ, ಬೇಲೂರು ಕೈಗಾರಿಕಾ ಪ್ರದೇಶದ ಹತ್ತಿರ. ಊರಿಂದ ದೂರ. ಆದರೆ 2008ಕ್ಕೆ ಮೊದಲು ನಮ್ಮ ಕಡೆಯವರು ಇಂಥ ಕೇಸಿಗೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಅದನ್ನು ಕೇಳಿ ಹೋರಾಡಿದವರಿಗೆ ನನ್ನಂಥ ಸಣ್ಣ ಅಂಗಡಿಯವನು ಋಣಿ. ಬೆಂಗಳೂರಾಗಿದ್ದರೆ ನಾನು ಈ ಕೇಸ್ ಹಾಕುತ್ತಿರಲಿಲ್ಲ, ನಿಜ ಹೇಳುತ್ತೇನೆ.

ಫಲಿತಾಂಶ ಏನು ಅಂತ ಕೇಳುವಿರಿ. ಕೋರ್ಟ್ ಸರಕಾರಕ್ಕೂ ಅಧಿಕಾರಿಗೂ ನೋಟಿಸ್ ಕೊಟ್ಟಿದೆ. ಅವರು ಉತ್ತರ ಹಾಕಿದ್ದಾರೆ. ಕನಿಷ್ಠ ಬಲ ಬಳಸಿದೆವು, ಸಾಹೇಬರು ಕೈ ಎತ್ತಿದ್ದು ಸಿಬ್ಬಂದಿಯನ್ನು ತಡೆಯಲು ಅಂತ ಬರೆದಿದ್ದಾರೆ. ಮೇಡಮ್ ಹೇಳಿದ್ದ ಮಾತು ಅಕ್ಷರಕ್ಕೆ ಅಕ್ಷರ ಬಂತು! ಅದಕ್ಕೆ ನಮ್ಮ ಪ್ರತ್ಯುತ್ತರ ಒಂದೇ ಪುಟ: ಒಮ್ಮೆ ತಡೆಯಲು ಕೈ ಎತ್ತಿದವರು, ರಸ್ತೆ ಖಾಲಿ ಆದ ಮೇಲೆ ಯಾಕೆ ಎತ್ತಲಿಲ್ಲ? ಪಕ್ಕದಲ್ಲಿ ಆ ಫ್ರೇಮಿನ ಫೋಟೋ. ಅನುಮತಿ ಕೇಳಿದ ಪತ್ರಕ್ಕೆ ಸರಕಾರದಿಂದ ಇನ್ನೂ ಉತ್ತರ ಇಲ್ಲ.

ಬೇಗ ಮುಗಿಯಬೇಕು, ಪೇಪರಿನಲ್ಲಿ ಹೆಸರು ಬರಬೇಕು ಅನ್ನುವವರಿಗೆ ಈ ಆಫೀಸು ಬೇಡ. ಮೇಡಮ್ ಟೀವಿಯವರ ಮುಂದೆ ಮಾತಾಡುವುದಿಲ್ಲ, ನಿಮಗೂ ಮಾತಾಡಲು ಬಿಡುವುದಿಲ್ಲ. ಕಾಗದ ಇಟ್ಟುಕೊಳ್ಳುವ ಅಭ್ಯಾಸ ಇರುವವರು ಹೋಗಿ. ಕೋರ್ಟ್ ಇದ್ದ ದಿನ ಸಂಜೆ ಆರರ ಮೇಲೆ, ಶನಿವಾರ ಬೆಳಿಗ್ಗೆ ಸಿಗುತ್ತಾರೆ. ಎಂಎಲ್‌ಸಿ ಚೀಟಿ, ಎಕ್ಸ್‌ರೇ, ಎಫ್‌ಐಆರ್ ಪ್ರತಿ, ವಿಡಿಯೋ ತೆಗೆದ ಅಸಲಿ ಫೋನ್, ದುಡಿಮೆಯ ಲೆಕ್ಕ ತೆಗೆದುಕೊಂಡು ಹೋಗಿ. ಫೋನ್ ಮಾಡಬೇಡಿ, ಹೇಳಿದೆನಲ್ಲ, ಎತ್ತುವುದಿಲ್ಲ. ನೇರ ಮೆಟ್ಟಿಲು ಹತ್ತಿ ಕಾಕಾನ ಹತ್ತಿರ ಚೀಟಿ ತೆಗೆದುಕೊಳ್ಳಿ.